ಅರಗು ಕಳೆದು ಉಳಿದ ತೂಕ

ಕೊಡವ ಮದುವೆಯಲ್ಲಿ ಹೆಣ್ಣಿನ ಕೊರಳಲ್ಲಿ ಹೊಳೆಯುವ ಜೋಮಾಲೆಯ ಗುಂಡುಗಳು ಗಟ್ಟಿ ಚಿನ್ನವಲ್ಲ. ತೆಳು ತಗಡಿನ ಗುಂಡು, ಹೊಟ್ಟೆಯೊಳಗೆ ಅರಗು. ಇದು ಅಕ್ಕಸಾಲಿಗನಿಗೆ ಗೊತ್ತು, ಗಿರಾಕಿಗೂ ಗೊತ್ತು. ಹಾಗಾಗಿ ಅಂಗಡಿಯಲ್ಲಿ ಮಾತು ಸಲೀಸು. ಅರಗಿನ ತೂಕ ಕಳೆಯುತ್ತಾರೆ, ಉಳಿದ ತೂಕಕ್ಕೆ ಆ ದಿನದ ದರ ಹಾಕುತ್ತಾರೆ, ಅದರ ಮೇಲೆ ಮಜೂರಿ, ವೇಸ್ಟೇಜು, ತೆರಿಗೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆಯೂ ಕಡ್ಡಾಯವಾಗಿದೆ. ಚೌಕಾಸಿಗೆ ಉಳಿಯುವ ಜಾಗ ಮಜೂರಿ ಒಂದೇ. ಅಲ್ಲಿಯೂ ನಮ್ಮ ಹಿರಿಯ ಹೆಂಗಸರು ಒಂದು ಮಿತಿ ದಾಟಿ ಎಳೆಯುವುದಿಲ್ಲ. ಗುಂಡುಗಳನ್ನು ಬೆರಳಲ್ಲಿ ಉರುಳಿಸಿ ನೋಡಿ, ‘ಕೈ ಚೆನ್ನಾಗಿದೆ’ ಎಂದು ತಲೆಯಾಡಿಸಿ ಕೊಟ್ಟುಬಿಡುತ್ತಾರೆ. ಗಂಡಸರ ಸೊಂಟದ ಪೀಚೆಕತ್ತಿಯ ಹಿಡಿ, ಒರೆಗಳ ಬೆಳ್ಳಿ ಕೆಲಸಕ್ಕೂ ಹೀಗೆಯೇ. ಕೈಗೆ ಒಂದು ಬೆಲೆ ಉಂಟು ಎಂಬುದನ್ನು ಕೊಡಗಿನ ಗಿರಾಕಿ ಒಪ್ಪಿಕೊಂಡು ಎಷ್ಟೋ ತಲೆಮಾರು ಆಯಿತು.

ಅದೇ ಗಿರಾಕಿಯನ್ನು ಒಂದು ಚಿತ್ರದ ಮುಂದೆ ನಿಲ್ಲಿಸಿ ನೋಡಬೇಕು.

ಎರಡು ವರ್ಷದ ಹಿಂದೆ, ಡಿಸೆಂಬರ್ ಕೊನೆಯಲ್ಲಿ, ಪ್ರವಾಸಿಗರ ಕಾರುಗಳಿಂದ ಮಡಿಕೇರಿಯ ಉಸಿರು ಕಟ್ಟಿದ್ದ ಒಂದು ವಾರ, ಊರಿನ ಸಭಾಂಗಣವೊಂದರಲ್ಲಿ ಚಿತ್ರಪ್ರದರ್ಶನಕ್ಕೆ ಹೋಗಿದ್ದೆ. ಮೂವತ್ತು ಚಿತ್ರಗಳಿದ್ದಿರಬಹುದು. ಪ್ರತಿಯೊಂದರ ಕೆಳಗೂ ಚೀಟಿ: ಹೆಸರು, ಮಾಧ್ಯಮ, ಅಳತೆ. ಬೆಲೆ ಇರಲಿಲ್ಲ. ಮಂಜಿನಲ್ಲಿ ಅರ್ಧ ಕರಗಿದ ಸಿಲ್ವರ್ ಓಕ್ ಸಾಲಿನ ಚಿತ್ರದ ಮುಂದೆ ವಿರಾಜಪೇಟೆ ಕಡೆಯ ಬೆಳೆಗಾರರೊಬ್ಬರು ಬಹಳ ಹೊತ್ತು ನಿಂತಿದ್ದರು. ಅವರ ತೋಟದ ಅಂಚಿನಲ್ಲೂ ಅಂಥದೇ ಸಾಲು ಇದ್ದಿರಬೇಕು. ಕೊನೆಗೆ ಕೇಳಿದರು, ‘ಇದಕ್ಕೆಷ್ಟು?’ ಕಲಾವಿದ ಕೈ ಹಿಸುಕಿಕೊಂಡು ನಕ್ಕ. ‘ನೀವೇ ನೋಡಿ ಕೊಡಿ ಸರ್.’ ಬೆಳೆಗಾರರ ಮುಖದಲ್ಲಿದ್ದ ಬೆಳಕು ಆರಿತು. ‘ಆಯ್ತಪ್ಪ, ಇನ್ನೊಮ್ಮೆ ಬರ್ತೀನಿ’ ಎಂದು ಹೊರಟರು. ಮತ್ತೆ ಬರಲಿಲ್ಲವೆಂದು ಆಮೇಲೆ ಕೇಳಿ ತಿಳಿದುಕೊಂಡೆ.

ಕೊಡಗಿನಲ್ಲಿ ಚಿತ್ರಗಳು ಮಾರಾಟವಾಗುವುದಿಲ್ಲ ಎಂದು ಗೊಣಗುವ ಕಲಾವಿದ ಮಿತ್ರರೆಲ್ಲ ಬೆರಳು ತೋರಿಸುವುದು ಆ ಬೆಳೆಗಾರರಂಥವರ ಕಡೆಗೆ. ನನಗಂತೂ ಆ ದಿನ ತಪ್ಪು ಕಂಡದ್ದು ಗೋಡೆಯ ಮೇಲಿನ ಚೀಟಿಯಲ್ಲಿ.

‘ನೀವೇ ನೋಡಿ ಕೊಡಿ’ ಎಂಬ ಮಾತಿಗೆ ನಮ್ಮಲ್ಲಿ ಹಳೆಯ ಬೇರಿದೆ. ಪುರೋಹಿತರು ಹಾಗೆ ಹೇಳುತ್ತಾರೆ. ಸುಗ್ಗಿಹಬ್ಬ ಪುತ್ತರಿಯ ಹೊತ್ತಿಗೆ ಮನೆಯಂಗಳಕ್ಕೆ ಬಂದು ವಾಲಗ ಊದಿ ಡೋಲು ಬಾರಿಸುವವರು ಬಾಯಿಬಿಟ್ಟು ಕೇಳುತ್ತಲೇ ಇರಲಿಲ್ಲ. ಅಜ್ಜನ ಕಾಲದಲ್ಲಿ ಎಷ್ಟು ಭತ್ತ ಅಳೆಯುತ್ತಿದ್ದರು ಎಂಬುದು ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಗೊತ್ತಿತ್ತು. ಆ ವ್ಯವಸ್ಥೆಯನ್ನು ಈಗ ಹಂಬಲಿಸುವವರಿದ್ದಾರೆ. ನಾನು ಅವರ ಗುಂಪಿನವನಲ್ಲ. ಅಲ್ಲಿ ಬೆಲೆಯೇನೋ ನಿಂತಿತ್ತು, ಆದರೆ ಬಾರಿಸುವವನಿಗೆ ‘ಇಷ್ಟು ಸಾಲದು’ ಎನ್ನುವ ಬಾಯಿ ಇರಲಿಲ್ಲ. ಇಂದಿನ ಚಿತ್ರಕಾರ ಆ ಮಾತಿನ ವಿನಯವನ್ನಷ್ಟೇ ಎತ್ತಿಕೊಂಡಿದ್ದಾನೆ. ಅದರ ಹಿಂದೆ ಅಳತೆಯ ನೆನಪಿಲ್ಲ. ಜಲವರ್ಣಕ್ಕೆ ಅಜ್ಜ ಎಷ್ಟು ಕೊಟ್ಟಿದ್ದ ಎಂದು ಯಾವ ಮನೆಯಲ್ಲಿ ವಿಚಾರಿಸುವುದು? ಕುಲದ ಹಿರಿಮನೆಯಾದ ಐನ್‌ಮನೆಯ ಗೋಡೆಯಲ್ಲಿ ಹಿರಿಯರ ಫೋಟೋ, ಕೋವಿ, ಜಿಂಕೆಕೊಂಬು. ಚಿತ್ರಕ್ಕೆ ಅಲ್ಲಿ ಮೊಳೆಯೇ ಹೊಡೆದಿರಲಿಲ್ಲ. ದಾರಿ ಗೊತ್ತಿಲ್ಲದವನನ್ನು ನಡುದಾರಿಯಲ್ಲಿ ಬಿಟ್ಟು ‘ನಿಮಗೆ ತೋಚಿದ ಕಡೆ ಹೋಗಿ’ ಎಂದ ಹಾಗೆ ಆಗುತ್ತದೆ ಆ ವಿನಯ. ಕಡಿಮೆ ಹೇಳಿದರೆ ಅವಮಾನ ಮಾಡಿದಂತೆ, ಹೆಚ್ಚು ಹೇಳಿದರೆ ಮೋಸಹೋದಂತೆ. ಸಭ್ಯನಾದವನು ಹೊರಟುಹೋಗುತ್ತಾನೆ.

ಇನ್ನು, ಕಾಫಿ ಬೆಳೆಗಾರನ ಮನಸ್ಸನ್ನು ಅರಿಯದೆ ಈ ಜಿಲ್ಲೆಯಲ್ಲಿ ಯಾವ ವಸ್ತುವಿಗೂ ಬೆಲೆ ಕಟ್ಟಲಾಗದು. 1940ರ ದಶಕದಿಂದ ಐವತ್ತು ವರ್ಷ ಅವನು ತನ್ನ ಬೆಳೆಯನ್ನು ಎಲ್ಲರ ಬೆಳೆ ಸೇರುವ ಕಾಫಿ ಮಂಡಳಿಯ ಪೂಲ್‌ಗೆ ಸುರಿದ. ದುಡ್ಡು ಕಂತುಕಂತಾಗಿ, ಮಂಡಳಿಗೆ ಅನುಕೂಲವಾದಾಗ ಬರುತ್ತಿತ್ತು. 1992ರಲ್ಲಿ ಒಂದು ಪಾಲನ್ನು ಹೊರಗೆ ಮಾರಿಕೊಳ್ಳಲು ಬಿಟ್ಟರು, 1996ರ ಹೊತ್ತಿಗೆ ಕಟ್ಟು ಪೂರ್ತಿ ಬಿಚ್ಚಿತು. ಹಾಗೆಂದು ಬೆಲೆ ಅವನ ಕೈಗೆ ಬರಲಿಲ್ಲ. ರೊಬಸ್ಟಾದ್ದು ಲಂಡನ್ನಿನಲ್ಲಿ ಏಳುತ್ತದೆ ಬೀಳುತ್ತದೆ, ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ. 2024ರಲ್ಲಿ ರೊಬಸ್ಟಾ ಚೆರ್ರಿಯ 50 ಕಿಲೋ ಚೀಲ 10,000 ರೂಪಾಯಿ ದಾಟಿದ್ದು ವಿಯೆಟ್ನಾಮಿನ ಬರದ ದೆಸೆಯಿಂದ. ನಮ್ಮವರು ಆ ವರ್ಷ ಗಿಡಕ್ಕೆ ಹೆಚ್ಚು ಪ್ರೀತಿ ತೋರಿಸಿದ್ದರಿಂದಲ್ಲ. ಹೀಗೆ ಜೀವಮಾನವಿಡೀ ಬೇರೆಯವರು ಹೇಳಿದ ದರಕ್ಕೆ ತನ್ನ ಬೆವರನ್ನು ಮಾರಿದವನು, ಬೆಳಗಾಗೆದ್ದು ವಾಟ್ಸ್ಆ್ಯಪ್‌ನಲ್ಲಿ ‘ಇವತ್ತಿನ ರೇಟು’ ನೋಡುವವನು, ತನ್ನ ಮಾಲಿಗೆ ತಾನೇ ಬೆಲೆ ಬರೆದುಕೊಳ್ಳುವ ಮನುಷ್ಯನನ್ನು ಕಂಡರೆ ಹುಬ್ಬೇರಿಸುವುದು ಸಹಜ. ಅದರಲ್ಲಿ ಒಂದಿಷ್ಟು ಹೊಟ್ಟೆಕಿಚ್ಚೂ ಇದ್ದೀತು.

ಅವನ ಚೌಕಾಸಿಯನ್ನೂ ಕಲಾವಿದರು ತಪ್ಪು ತಿಳಿಯುತ್ತಾರೆ. ವ್ಯಾಪಾರಿ ಅವನ ಕಣಕ್ಕೆ ಬಂದರೆ ಒಂದು ಹಿಡಿ ಚೆರ್ರಿ ತೆಗೆದು, ಸಿಪ್ಪೆ ಬಿಡಿಸಿ, ಕಾಳು ತೂಗಿ, ತೇವ ಅಳೆದು, ಸಿಪ್ಪೆ ಕಳೆದು ಉಳಿಯುವ ಕಾಳಿನ ಪಾಲು, ಅಂದರೆ ಔಟ್‌ಟರ್ನ್ ಸಾಲದು ಎಂದು ಒಂದು ಹೇಳುತ್ತಾನೆ. ಇವನು ಹೋದ ವರ್ಷದ್ದನ್ನು ನೆನಪಿಸಿ ಇನ್ನೊಂದು ಹೇಳುತ್ತಾನೆ. ಅರ್ಧ ಗಂಟೆಯ ಬಳಿಕ ಇಬ್ಬರೂ ಕಾಫಿ ಕುಡಿಯುತ್ತಾರೆ. ಬೆಳೆಗಾರನಿಗೆ ಚೌಕಾಸಿ ಎಂದರೆ ಮಾಲನ್ನು ಪರೀಕ್ಷಿಸುವ ಕ್ರಮ. ‘ಸ್ವಲ್ಪ ಜಾಸ್ತಿ ಆಯ್ತಲ್ಲ?’ ಎಂದು ಅವನು ಚಿತ್ರದ ಮುಂದೆ ನಿಂತು ಕೇಳುವಾಗ ನಿಜಕ್ಕೂ ಕೇಳುತ್ತಿರುವುದು, ‘ಇದರ ಔಟ್‌ಟರ್ನ್ ನನಗೆ ವಿವರಿಸು’ ಎಂದು. ಕಲಾವಿದನ ಕಿವಿಗೆ ಬೀಳುವುದು ‘ನಿನ್ನ ಕಲೆ ಇಷ್ಟು ಬಾಳುವುದಿಲ್ಲ’ ಎಂದು. ಒಬ್ಬ ಮುಖ ಸಿಂಡರಿಸುತ್ತಾನೆ, ಇನ್ನೊಬ್ಬ ಚಪ್ಪಲಿ ಮೆಟ್ಟುತ್ತಾನೆ. ಇಬ್ಬರಲ್ಲಿ ಯಾರೂ ಕೆಟ್ಟವರಲ್ಲ.

ಬೆಲೆ ಹೇಳುವ ಧೈರ್ಯ ಮಾಡಿದವರಲ್ಲಿ ಹೆಚ್ಚಿನವರು ಹಿಡಿದ ದಾರಿ ಚದರಡಿಯದು. ಎರಡು ಅಡಿಗೆ ಮೂರು ಅಡಿಯ ಕ್ಯಾನ್ವಾಸು, ಚದರಡಿಗೆ 1,500 ಎಂದಿಟ್ಟುಕೊಂಡರೆ 9,000. ಇದನ್ನು ಕೇಳಿ ಮೂಗು ಮುರಿಯುವ ವಿಮರ್ಶಕರಿದ್ದಾರೆ. ಚಿತ್ರವೇನು ಟೈಲ್ಸೇ, ನೆಲಕ್ಕೆ ಹಾಸುವ ಗ್ರಾನೈಟೇ ಎಂದು. ನಾನು ಈ ಪದ್ಧತಿಯನ್ನು ಪೂರ್ತಿ ತಳ್ಳಿಹಾಕಲಾರೆ. ಹೊಸ ಗಿರಾಕಿಗೆ ಕೈಹಿಡಿದು ನಡೆಯಲು ಅದು ಒಂದು ಕೋಲು. ಅಳತೆ ಕಣ್ಣಿಗೆ ಕಾಣುತ್ತದೆ, ಲೆಕ್ಕ ಬಾಯಲ್ಲೇ ಆಗುತ್ತದೆ, ಮನೆಗೆ ಹೋಗಿ ಹೇಳಲು ಬರುತ್ತದೆ. ಅದೇ ಕಲಾವಿದನ ಎರಡು ಚಿತ್ರಗಳ ನಡುವೆ ನ್ಯಾಯವೂ ಇರುತ್ತದೆ, ಕಾಗದದ ಮೇಲಾದರೂ.

ಆದರೆ ಅದು ಕಲಾವಿದನ ಕೈಯನ್ನೇ ಕೆಡಿಸುವುದನ್ನು ನೋಡಿದ್ದೇನೆ. ಕುಶಾಲನಗರದ ಕಡೆಯ ಹುಡುಗನೊಬ್ಬ ಅಂಗೈಯಗಲದ ಕಾಗದದಲ್ಲಿ ಶಾಯಿಯಿಂದ ಜಿಗಣೆ, ಜೀರುಂಡೆ, ಮಳೆಗಾಲದ ಅಣಬೆ ಬಿಡಿಸುತ್ತಿದ್ದ. ಒಂದೊಂದಕ್ಕೆ ವಾರ ಹಿಡಿಯುತ್ತಿತ್ತು. ಚದರಡಿ ಲೆಕ್ಕದಲ್ಲಿ ಅವುಗಳ ಬೆಲೆ ಒಂದು ಬಿರಿಯಾನಿಯಷ್ಟೂ ಆಗುತ್ತಿರಲಿಲ್ಲ. ಎರಡು ವರ್ಷದಲ್ಲಿ ಅವನು ನಾಲ್ಕಡಿ ಕ್ಯಾನ್ವಾಸಿಗೆ ದಾಟಿದ, ಅಗಲ ಕುಂಚ ಹಿಡಿದ, ಬೆಳಿಗ್ಗೆ ಕೂತರೆ ಸಂಜೆಗೊಂದು ಜಲಪಾತ. ಹೋಂಸ್ಟೇಗಳವರು ಕೊಳ್ಳುತ್ತಿದ್ದಾರೆ. ಅವನು ಬದುಕಿಕೊಂಡ, ಸಂತೋಷವೇ. ಅಣಬೆಗಳು ಮಾತ್ರ ಹೋದವು. ದೊಡ್ಡದಕ್ಕೆ ಹೆಚ್ಚು ಕೊಡುತ್ತೇನೆ ಎಂದರೆ ದೊಡ್ಡದೇ ಬೆಳೆಯುತ್ತದೆ. ಗೊಬ್ಬರ ಹಾಕಿದ ಕಡೆಗೆ ಬೇರು ಹೋಗುವಂತೆ.

ಇಲ್ಲಿ ಅಕ್ಕಸಾಲಿಗನ ಲೆಕ್ಕಕ್ಕೆ ಹಿಂದಿರುಗಬೇಕು. ಅವನು ಅರಗನ್ನು ಕಳೆದು ಬೆಲೆ ಹೇಳುತ್ತಾನೆ. ಚಿತ್ರದ ಗಿರಾಕಿ ಅರಗನ್ನೇ ತೂಗುತ್ತಾನೆ. ಕ್ಯಾನ್ವಾಸ್ ಎಷ್ಟು, ಬಣ್ಣ ಎಷ್ಟು, ಫ್ರೇಮ್ ಎಷ್ಟು ಎಂದು ಕೂಡಿ, ಉಳಿದದ್ದು ‘ಸುಮ್ಮನೆ’ ಎಂದುಕೊಳ್ಳುತ್ತಾನೆ. ಚದರಡಿ ಪದ್ಧತಿ ಈ ಭ್ರಮೆಗೆ ಕಲಾವಿದನೇ ಹಾಕುವ ರುಜು. ಬದಲಿಗೆ ಕ್ಯಾನ್ವಾಸು-ಬಣ್ಣಕ್ಕೆ ಇಷ್ಟು, ಫ್ರೇಮಿಗೆ ಇಷ್ಟು, ಮಜೂರಿ ಇಷ್ಟು ಎಂದು ಚೀಟಿಯಲ್ಲಿ ಬಿಡಿಸಿ ಬರೆದರೆ ಹೇಗೆ ಎಂದು ಒಬ್ಬ ಹಿರಿಯ ಕಲಾವಿದರನ್ನು ಕೇಳಿದೆ. ‘ನಾವೇನು ಬಡಗಿಗಳಾ?’ ಎಂದು ರೇಗಿದರು. ಬಡಗಿಯಾದರೆ ಆಗುವ ನಷ್ಟವೇನು ಎಂದು ನನಗೆ ಇಂದಿಗೂ ಹೊಳೆದಿಲ್ಲ. ಐನ್‌ಮನೆಯ ಕಂಬ, ಬಾಗಿಲ ಚೌಕಟ್ಟುಗಳ ಕೆತ್ತನೆಯನ್ನು ನೂರು ವರ್ಷದ ಮೇಲೂ ಜನ ನಿಂತು ಸವರಿ ನೋಡುತ್ತಾರೆ. ಮಜೂರಿ ಎಂಬ ಶಬ್ದಕ್ಕೆ ನಾಚಿದ ಕಲಾವಿದ ಆ ಶಬ್ದದ ಹಿಂದೆ ಗಿರಾಕಿಯ ಮನಸ್ಸಿನಲ್ಲಿ ಅದಾಗಲೇ ನಿಂತಿರುವ ಗೌರವವನ್ನೂ ಬಿಟ್ಟುಕೊಡುತ್ತಾನೆ.

ಮೂರನೆಯ ಪದ್ಧತಿ ಎಲ್ಲಕ್ಕಿಂತ ಕೆಟ್ಟದ್ದು, ಎಲ್ಲಕ್ಕಿಂತ ಬಳಕೆಯಲ್ಲಿರುವುದೂ ಅದೇ. ಮುಖ ನೋಡಿ ಮಣೆ ಹಾಕುವುದು. ಕಾರಿನ ನಂಬರ್ ಪ್ಲೇಟಿನಲ್ಲಿ ಕೆಎ 12 ಇದ್ದರೆ ಒಂದು ಬೆಲೆ, ಬೆಂಗಳೂರಿನ ನಂಬರಾದರೆ ಇನ್ನೊಂದು, ಮಾತಿನಲ್ಲಿ ಅಮೆರಿಕ ಸುಳಿದರೆ ಮತ್ತೊಂದು. ದೊಡ್ಡ ಊರಿನಲ್ಲಿ ಇದು ನಡೆದೀತು. ಕೊಡಗಿನಲ್ಲಿ ಎಲ್ಲರೂ ಎಲ್ಲರ ಮದುವೆಗೂ ಹೋಗುವವರು. 6,000ಕ್ಕೆ ಕೊಂಡವನೂ 15,000ಕ್ಕೆ ಕೊಂಡವನೂ ಒಂದಲ್ಲ ಒಂದು ದಿನ ಪಂದಿಕರಿಯ ಮುಂದೆ ಅಕ್ಕಪಕ್ಕ ಕೂರುತ್ತಾರೆ. ಒಂದೇ ಅಳತೆ, ಒಂದೇ ಕೈ, ಅದೇ ಮಂಜು. 15,000 ಕೊಟ್ಟವನಿಗೆ ತಾನು ಬೇಸ್ತುಬಿದ್ದೆ ಅನಿಸುತ್ತದೆ; 6,000 ಕೊಟ್ಟವನಿಗೆ ತನ್ನದು ಎರಡನೇ ದರ್ಜೆಯ ಮಾಲು ಅನಿಸುತ್ತದೆ. ಆ ಊಟದ ಪಂಕ್ತಿಯಲ್ಲಿ ಕಲಾವಿದ ಒಟ್ಟಿಗೆ ಇಬ್ಬರನ್ನು ಕಳೆದುಕೊಂಡ.

ಹೊರಗಿನವರ ಗೋಡೆಗಾಗಿ ಕೊಡಗಿನ ಚೆಲುವನ್ನು ಬಿಡಿಸುವುದು ಹೊಸ ಸಂಗತಿಯೇನಲ್ಲ. ಕೊಡಗಿನ ಕೊನೆಯ ಅರಸ ಚಿಕವೀರರಾಜೇಂದ್ರನ ಮಗಳು ಗೌರಮ್ಮ 1852ರಲ್ಲಿ ಲಂಡನ್ನಿನಲ್ಲಿ ಕ್ರೈಸ್ತಳಾದಾಗ ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ಆಮೇಲೆ ರಾಣಿ ತನ್ನ ಮೆಚ್ಚಿನ ಚಿತ್ರಕಾರ ವಿಂಟರ್‌ಹಾಲ್ಟರ್‌ನಿಂದ ಆಕೆಯ ತೈಲಚಿತ್ರ ಬರೆಸಿದಳು. ಕೊಡಗಿನ ಮುಖ ಆ ಮಟ್ಟದ ಬೆಲೆಯ ಕ್ಯಾನ್ವಾಸನ್ನು ಏರಿದ್ದು ಹಾಗೆ. ಬರೆದವನೂ ಕೊಂಡವಳೂ ಕೊಡಗನ್ನು ಕಂಡವರಲ್ಲ. ಈಗಿನ ಜಲಪಾತ, ಆನೆ, ಹಿಂದೆ ನೆರಿಗೆ ಹಾಕಿ ಸೀರೆಯುಟ್ಟ ಹೆಣ್ಣು, ಕಾಫಿ ಹೂವು, ಕಾಫಿ ಡಿಕಾಕ್ಷನ್ನಿನಲ್ಲೇ ಬಿಡಿಸಿದ ಕಂದು ಚಿತ್ರಗಳೂ ಆ ದಾರಿಯಲ್ಲೇ ಇವೆ. ಪ್ರವಾಸಿ ಕೊಳ್ಳುವುದು ತಾನು ಕಳೆದ ಎರಡು ದಿನದ ನೆನಪನ್ನು. ನೆನಪಿನ ಬೆಲೆ ಪ್ರವಾಸದ ಖರ್ಚಿಗೆ ಅಂಟಿಕೊಂಡಿರುತ್ತದೆ. ಒಂದು ರಾತ್ರಿಯ ಕೋಣೆ ಬಾಡಿಗೆಗಿಂತ ಚಿತ್ರ ದುಬಾರಿಯಾದರೆ ಅವನು ಎರಡು ಸಲ ಯೋಚಿಸುತ್ತಾನೆ, ಕಡಿಮೆಯಾದರೆ ಯೋಚಿಸುವುದೇ ಇಲ್ಲ.

ಹಾಗಾದರೆ ಕೊಡಗಿನವರು ಕಲೆಗೆ ದುಡ್ಡು ಬಿಚ್ಚುವುದಿಲ್ಲವೇ? ವಿಜಯದಶಮಿಯ ರಾತ್ರಿ ಮಡಿಕೇರಿಯಲ್ಲಿ ನಿಂತವರು ಈ ಮಾತನ್ನು ಒಪ್ಪಲಾರರು. ಹತ್ತು ದೇವಾಲಯಗಳ ದಶಮಂಟಪಗಳು ಹೊರಡುತ್ತವೆ. ಪೇಟೆ ಶ್ರೀರಾಮಮಂದಿರ, ದೇಚೂರು ರಾಮಮಂದಿರ, ಕೋಟೆ ಮಹಾಗಣಪತಿ, ಕೋಟೆ ಮಾರಿಯಮ್ಮ, ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಚೌಡೇಶ್ವರಿ, ಕೋದಂಡರಾಮ, ಕರವಲೆ ಭಗವತಿ. ಪ್ರತಿ ಮಂಟಪಕ್ಕೂ ಪುರಾಣದ ಒಂದು ಕಥೆ, ಟ್ರ್ಯಾಕ್ಟರ್‌ಗಳ ಮೇಲೆ ಆಳೆತ್ತರ ಮೀರಿದ ಮೂರ್ತಿಗಳು, ಕೈಕಾಲು ಕುತ್ತಿಗೆ ಆಡಿಸುವ ಯಂತ್ರ, ಬೆಳಕು, ಹೊಗೆ, ಧ್ವನಿ. ತಿಂಗಳುಗಟ್ಟಲೆ ಕೆಲಸ, ಒಂದೊಂದು ಮಂಟಪಕ್ಕೆ ಲಕ್ಷಗಟ್ಟಲೆ ಖರ್ಚು, ಮನೆಮನೆಯ ಚಂದಾ. ಎಲ್ಲ ಒಂದು ರಾತ್ರಿಗೆ. ಬೆಳಗಾಗುವಷ್ಟರಲ್ಲಿ ಅಸುರ ಸತ್ತಿರುತ್ತಾನೆ, ಮೂರ್ತಿಗಳನ್ನು ಬಿಚ್ಚಲು ಶುರುವಾಗಿರುತ್ತದೆ. ಮನೆಯ ಗೋಡೆಯಲ್ಲಿ ಐವತ್ತು ವರ್ಷ ಇರುವ ಚಿತ್ರಕ್ಕೆ 9,000 ಹೆಚ್ಚಾಯಿತು ಎನ್ನುವ ಊರು, ಹತ್ತು ಗಂಟೆ ಬಾಳುವ ಶಿಲ್ಪಕ್ಕೆ ಮುಖ ಕಿವಿಚದೆ ಕೊಡುತ್ತದೆ.

ಭಕ್ತಿ ಎಂದು ಇದನ್ನು ಒಂದೇ ಮಾತಿನಲ್ಲಿ ಮುಗಿಸಬಹುದು, ಅಷ್ಟಕ್ಕೇ ಮುಗಿಯುವುದಿಲ್ಲ. ಮಂಟಪದ ಲೆಕ್ಕ ಬಿಡಿಬಿಡಿಯಾಗಿರುತ್ತದೆ: ಮೂರ್ತಿಯವರಿಗೆ ಇಷ್ಟು, ಲೈಟಿಂಗಿಗೆ ಇಷ್ಟು, ಟ್ರ್ಯಾಕ್ಟರ್ ಸೆಟ್ಟಿಂಗಿಗೆ ಇಷ್ಟು. ಕರಾರು ಮೊದಲೇ ಆಗುತ್ತದೆ, ಮುಂಗಡ ಕೊಡುತ್ತಾರೆ. ತೀರ್ಪುಗಾರರಿದ್ದಾರೆ, ಬಹುಮಾನವಿದೆ, ತೀರ್ಪು ಸರಿಯಿಲ್ಲ ಎಂದು ಜಗಳಾಡಲು ಸಾವಿರ ಜನರಿದ್ದಾರೆ. ಕೊಡಗಿನ ಚಳಿಯಲ್ಲಿ ರಾತ್ರಿಯಿಡೀ ನಿಂತು ‘ಹೋದ ಸಲದ ನರಸಿಂಹ ಇದಕ್ಕಿಂತ ಚೆನ್ನಾಗಿ ಎದ್ದಿದ್ದ’ ಎಂದು ವಾದಿಸುವ ಆಟೋ ಚಾಲಕ ನನಗೆ ಸಿಕ್ಕಿದ ಒಳ್ಳೆಯ ವಿಮರ್ಶಕರಲ್ಲೊಬ್ಬ. ಹೋಲಿಸಿ ನೋಡಲು ಅವನ ತಲೆಯಲ್ಲಿ ಇಪ್ಪತ್ತು ವರ್ಷದ ಮಂಟಪಗಳಿವೆ. ಚಿತ್ರದ ಗಿರಾಕಿಗೆ ಹೋಲಿಸಲು ಹೋಟೆಲ್ ಕೋಣೆಯ ಪ್ರಿಂಟು ಬಿಟ್ಟರೆ ಏನಿದೆ?

ನಾಪೋಕ್ಲು ಬಳಿಯ ಬೇತು ಗ್ರಾಮದ ಮಕ್ಕಿ ಶಾಸ್ತಾವಿನಲ್ಲಿ ಮಣ್ಣಿನ ನಾಯಿಗಳ ಹರಕೆ ಸಲ್ಲುತ್ತದೆ. ಸುಟ್ಟ ಮಣ್ಣಿನ ಪುಟ್ಟ ನಾಯಿಗಳು ಬಯಲಲ್ಲಿ ರಾಶಿಯಾಗಿ ಮಳೆಗೆ ನೆನೆಯುತ್ತ, ಪಾಚಿ ಹಿಡಿಯುತ್ತ ಕೂತಿರುತ್ತವೆ. ಅವುಗಳಲ್ಲಿ ಕೆಲವು, ಕಿವಿ ನಿಮಿರಿಸಿ ಕೂತ ಭಂಗಿಯಲ್ಲಿ, ಯಾವ ಗ್ಯಾಲರಿಯಲ್ಲಿಟ್ಟರೂ ನಿಲ್ಲುವಂಥವು. ಹರಕೆ ಹೊತ್ತವರು ಸಂಖ್ಯೆ ನೋಡುತ್ತಾರೆ, ಚೆಲುವನ್ನಲ್ಲ. ಬೆಲೆಯ ಮಾತೂ ಅಲ್ಲಿ ಹುಟ್ಟುವುದಿಲ್ಲ. ಬೆಲೆಗೆ ಚೆಲುವಿನ ಸಂಬಂಧವೇ ಇಲ್ಲದ ಇಂಥ ಕೊಳ್ಳುವಿಕೆ ನಮ್ಮ ನಡುವೆ ಎಂದಿನಿಂದಲೂ ಇದೆ ಎಂಬುದನ್ನು ಕಲಾವಿದರು ಒಮ್ಮೆ ಬೇತುವಿಗೆ ಹೋಗಿ ನೋಡಿ ಬರುವುದು ಒಳ್ಳೆಯದು.

ಇನ್ನೊಂದು ಹರಕೆಯಿದೆ, ಅದು ಕಲಾವಿದನ ತಲೆಗೇ ಬೀಳುವುದು. ಸಂಘ ಸಂಸ್ಥೆಗಳ ಸನ್ಮಾನ ಸಮಾರಂಭ. ಶಾಮಿಯಾನಕ್ಕೆ ದುಡ್ಡು, ಹಾರಕ್ಕೆ ದುಡ್ಡು, ಮೈಕಿನವನಿಗೆ ದುಡ್ಡು, ಊಟದವರಿಗೆ ಮುಂಗಡ. ಮುಖ್ಯ ಅತಿಥಿಯ ಭಾವಚಿತ್ರ ಬರೆದುಕೊಡುವವನಿಗೆ ಮಾತ್ರ ‘ವೇದಿಕೆಯಲ್ಲಿ ನಿಮ್ಮ ಹೆಸರು ಹೇಳ್ತೀವಿ.’ ಫ್ರೇಮ್ ಹಾಕಿದ ಅಂಗಡಿಯವನು ಅಂದೇ ಸಂಜೆ ಬಿಲ್ಲು ಹಿಡಿದು ಬರುತ್ತಾನೆ, ಅದೂ ಪಾವತಿಯಾಗುತ್ತದೆ. ಚಿತ್ರದ ಸುತ್ತಲಿನ ನಾಲ್ಕು ಕಟ್ಟಿಗೆ ತುಂಡಿಗೆ ಬೆಲೆಯುಂಟು, ನಡುವಿನದ್ದಕ್ಕೆ ಚಪ್ಪಾಳೆ. ಹೀಗೆ ಬಿಟ್ಟಿ ಬರೆದುಕೊಡಲು ಒಪ್ಪುವವರನ್ನು ನಾನು ಸಂಘಟಕರಿಗಿಂತ ಹೆಚ್ಚು ದೂರುತ್ತೇನೆ. ಆ ದಿನ ಸಭೆಯಲ್ಲಿ ಕೂತ ಮುನ್ನೂರು ಜನರಿಗೆ ಚಿತ್ರದ ಬೆಲೆಯ ಬಗ್ಗೆ ಅವರು ಪಾಠ ಹೇಳಿಕೊಟ್ಟಿರುತ್ತಾರೆ.

ಕಲಾವಿದ ತನ್ನ ಕೆಲಸದ ಬೆಲೆಯನ್ನು ನ್ಯಾಯಾಲಯದಲ್ಲಿ ಸಮರ್ಥಿಸಿಕೊಂಡದ್ದಕ್ಕೆ ಎಲ್ಲರೂ ಲಂಡನ್ನಿನ ಚಿತ್ರಕಾರ ವಿಸ್ಲರ್‌ನ ಮೊಕದ್ದಮೆಯನ್ನು ಎತ್ತಿ ಹೇಳುತ್ತಾರೆ. ಅಷ್ಟು ದೂರ ಹೋಗಬೇಕಿಲ್ಲ. ಚಿತ್ರಗಾರ ಮನೆತನದ ಕೆ. ವೆಂಕಟಪ್ಪ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತು ಬಂದು, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರು ಅರಮನೆಗೆ ಉಬ್ಬುಶಿಲ್ಪಗಳನ್ನು ಮಾಡುತ್ತಿದ್ದರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ಸಂಭಾವನೆಯ ಪ್ರಶ್ನೆ ಎದ್ದು, ಅವರು ಅರಮನೆಯ ವಿರುದ್ಧವೇ ನ್ಯಾಯಾಲಯದ ಮೆಟ್ಟಿಲೇರಿದರು. ಚರಿತ್ರೆಕಾರ್ತಿ ಜಾನಕಿ ನಾಯರ್ ಈ ಪ್ರಕರಣವನ್ನು ವಿವರವಾಗಿ ಬಿಡಿಸಿದ್ದಾರೆ. ದೊರೆ ಮೆಚ್ಚಿ ಕೊಡುವ ಇನಾಮಿಗೂ ಕೆಲಸಕ್ಕೆ ಸಲ್ಲಬೇಕಾದ ಹಣಕ್ಕೂ ಇರುವ ಅಂತರವನ್ನು ಕನ್ನಡದ ಒಬ್ಬ ಚಿತ್ರಕಾರ ಕಟಕಟೆಯಲ್ಲಿ ನಿಂತು ಹೇಳಿದ್ದು ಸಣ್ಣ ಸಂಗತಿಯಲ್ಲ. ‘ನೀವೇ ನೋಡಿ ಕೊಡಿ’ ಎಂಬ ಮಾತಿಗೆ ಅಂದೇ ಉತ್ತರ ಸಿಕ್ಕಿತ್ತು. ವೆಂಕಟಪ್ಪನವರ ಹೆಸರಿನ ಗ್ಯಾಲರಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿದೆ. ಅದರ ಗೋಡೆಗೆ ಚಿತ್ರ ತೂಗುಹಾಕಿ ಬಂದ ನಮ್ಮ ಹುಡುಗರು ಅವರ ಉದಕಮಂಡಲದ ದೃಶ್ಯಗಳನ್ನು ಕೊಂಡಾಡುತ್ತಾರೆ, ಮೊಕದ್ದಮೆ ಅವರ ಕಿವಿಗೆ ಬಿದ್ದಿಲ್ಲ.

ಕಾನೂನು ಇನ್ನೊಂದು ಬಾಗಿಲನ್ನೂ ತೆರೆದಿಟ್ಟಿದೆ. 1994ರ ತಿದ್ದುಪಡಿಯಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ಸೇರಿದ 53ಎ ಕಲಮಿನ ಪ್ರಕಾರ, ಮೂಲ ಚಿತ್ರ ಕೈಬದಲಾಗಿ 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ ಬರೆದವನಿಗೆ ಶೇಕಡ 10 ಮೀರದ ಪಾಲು ಸಲ್ಲಬೇಕು. ಬಿಲ್ಲೇ ಬರೆಯದೆ, ಯಾರಿಗೆ ಎಷ್ಟಕ್ಕೆ ಕೊಟ್ಟೆ ಎಂಬ ಪುಸ್ತಕವೇ ಇಡದೆ ಮಾರಿದವನು ಆ ಪಾಲನ್ನು ಯಾವ ಆಧಾರದ ಮೇಲೆ ಕೇಳಿಯಾನು!

ಜನವರಿಯ ಒಂದು ಭಾನುವಾರ ಕೊಡಗಿನ ಕಲಾವಿದರು ಸುರುಳಿ ಕಟ್ಟಿಕೊಂಡು ರಾತ್ರಿ ಬಸ್ಸು ಹತ್ತುತ್ತಾರೆ. ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ. 2025ರ ಜನವರಿಯಲ್ಲಿ ನಡೆದದ್ದು ಇಪ್ಪತ್ತೆರಡನೆಯದು. ನೂರರ ಚಿತ್ರವೂ ಅಲ್ಲಿದೆ, ಲಕ್ಷದ್ದೂ ಇದೆ. ಚಿತ್ರ ಕೊಳ್ಳುವುದು ಸಾಮಾನ್ಯ ಮನುಷ್ಯನೂ ಮಾಡಬಹುದಾದ ಕೆಲಸ ಎಂದು ಕರ್ನಾಟಕದ ಮಧ್ಯಮವರ್ಗಕ್ಕೆ ಕಲಿಸಿದ್ದು ಆ ರಸ್ತೆ, ಅದಕ್ಕೆ ನಮಸ್ಕಾರ. ಆದರೆ ಹೆಸರು ಸಂತೆ. ಮಡಿಕೇರಿಯ ಶುಕ್ರವಾರದ ಸಂತೆಗೆ ಸಂಜೆ ಹೊತ್ತು ಹೋಗುವವರಿಗೆ ಗೊತ್ತು, ನಾಲ್ಕು ಗಂಟೆಯ ಮೇಲೆ ಸೊಪ್ಪಿನ ಬೆಲೆ ಬೇರೆ. ಚಿತ್ರಸಂತೆಯಲ್ಲೂ ಸಂಜೆಯಾಗುತ್ತದೆ. ಸುರುಳಿ ವಾಪಸು ಹೊತ್ತು ಬರುವ ಬದಲು ಬಂದ ಬೆಲೆಗೆ ಕೊಟ್ಟು ಬಸ್ಸು ಹತ್ತುತ್ತಾರೆ. ತಪ್ಪೆನ್ನಲಾರೆ, ಹೊಟ್ಟೆಪಾಡು. ತೊಂದರೆ ಆಮೇಲಿನದು: ಆ ಸಂಜೆಯ ಬೆಲೆ ಯಾರದೋ ಫೋನಿನಲ್ಲಿ ಅವರಿಗಿಂತ ಮೊದಲೇ ಊರು ತಲುಪಿರುತ್ತದೆ. ‘ಬೆಂಗಳೂರಲ್ಲಿ ಎರಡಕ್ಕೆ ಕೊಟ್ರಂತೆ, ನಮಗೆ ಐದಾ?’

ಕೊಡಗಿನ ಗಿರಾಕಿಗೆ ಇನ್ನೊಂದು ಭಯವಿದೆ, ಅದು ಯಾವ ಕಲಾಗ್ರಂಥದಲ್ಲೂ ಬಾರದು. ಬೂಷ್ಟು. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರಿಗೆ ಬಿಡುವ ಊರಿನಲ್ಲಿ ಕಪಾಟಿನೊಳಗಿನ ಚರ್ಮದ ಬೆಲ್ಟಿಗೇ ಬಿಳಿ ಹಿಡಿಯುತ್ತದೆ. ಗಾಜಿನ ಹಿಂದಿನ ಜಲವರ್ಣಕ್ಕೆ ಜುಲೈಯಲ್ಲಿ ಕಂದು ಚುಕ್ಕೆಗಳು ಏಳುತ್ತವೆ. ಮಂಜಿನ ಚಿತ್ರವಾದರೆ ಮೊದಲ ತಿಂಗಳು ಗೊತ್ತೂ ಆಗುವುದಿಲ್ಲ. ‘ಗ್ಯಾರಂಟಿ ಉಂಟಾ?’ ಎಂಬ ಪ್ರಶ್ನೆಗೆ ನಗುವ ಕಲಾವಿದರನ್ನು ಕಂಡಿದ್ದೇನೆ. ನಗಬಾರದು. ಚಿನ್ನಕ್ಕೆ ತುಕ್ಕಿಲ್ಲ, ಬೆಳ್ಳಿ ಕಪ್ಪಾದರೆ ಉಜ್ಜಬಹುದು, ಚಿತ್ರ ಕೆಟ್ಟರೆ ಯಾರ ಬಳಿ ಹೋಗುವುದು? ಹಿಂಬದಿಗೆ ಗಾಳಿ ಆಡುವಂತೆ ಫ್ರೇಮ್ ಹಾಕಿಸಿ, ಹೊರಗೋಡೆಗೆ ತೂಗಬೇಡಿ ಎಂದು ಹೇಳಿ, ಎರಡು ಮಳೆಗಾಲದೊಳಗೆ ಕೆಟ್ಟರೆ ಸರಿಮಾಡಿಕೊಡುತ್ತೇನೆಂದು ಬಿಲ್ಲಿನ ಹಿಂದೆ ಬರೆದುಕೊಡುವ ಒಬ್ಬರು ಪೊನ್ನಂಪೇಟೆ ಕಡೆ ಇದ್ದಾರೆ. ಅವರ ಬೆಲೆ ಉಳಿದವರಿಗಿಂತ ಹೆಚ್ಚು, ಚೀಟಿಯಲ್ಲಿ ಶಾಯಿಯಲ್ಲೇ ಬರೆದಿರುತ್ತಾರೆ, ಒಂದು ರೂಪಾಯಿ ಬಿಡುವುದಿಲ್ಲ. ಚಿತ್ರಗಳೇನೂ ಅದ್ಭುತವಲ್ಲ. ಮಾರಾಟವಾಗುತ್ತವೆ.

ಕಳೆದ ಮಾರ್ಚಿನಲ್ಲಿ ಅವರಿಂದಲೇ ಒಂದು ಕೊಂಡೆ. ಗದ್ದೆಯ ಅಂಚಿನಲ್ಲಿ ಕೊಡೆ ಹಿಡಿದು ಬೆನ್ನು ಮಾಡಿ ನಿಂತ ಮುದುಕ, ಅಷ್ಟೆ. 9,000, ಫ್ರೇಮಿಗೆ ಬೇರೆ 1,800. ಬಿಲ್ಲು ಮಡಚಿ ಪರ್ಸಿನಲ್ಲಿಟ್ಟು, ಚಿತ್ರವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಮನೆಗೆ ತಂದು, ನಡುಮನೆಯ ಒಳಗೋಡೆಗೆ ತೂಗುಹಾಕಿದೆ. ಸಂಜೆ ಭಾವ ಬಂದರು. ಹೋದ ವರ್ಷ ಮಗಳಿಗೆ ಜೋಮಾಲೆ ಮಾಡಿಸಿ, ಅದರ ಮಜೂರಿ ಎಷ್ಟಾಯಿತೆಂದು ನೆಂಟರಿಷ್ಟರಿಗೆಲ್ಲ ಸಾವಿರ ಸೇರಿಸಿಯೇ ಹೇಳಿದವರು. ಕುರ್ಚಿಯಲ್ಲಿ ಕೂತು ತುಂಬ ಹೊತ್ತು ಮುದುಕನನ್ನು ನೋಡಿದರು.

‘ಎಷ್ಟು ಕೊಟ್ಟೆ?’

ನಾಲ್ಕು ಎಂದುಬಿಟ್ಟೆ.

‘ನಾಲ್ಕಾ?’ ಎಂದರು ಭಾವ, ಎದ್ದು ಹತ್ತಿರ ಹೋಗಿ ಕಟ್ಟಿಗೆಯನ್ನು ಉಗುರಿನಿಂದ ತಟ್ಟುತ್ತ. ‘ಫ್ರೇಮ್ ಸೇರಿ ತಾನೆ?’